ಜೂನಿಪರ್ ಮರಕ್ಕೆ ಒರಗಿಸಿಟ್ಟ ಬಂದೂಕು

2014ರ ನವೆಂಬರ್. ಅಮೆರಿಕದ ನೆವಾಡಾದಲ್ಲಿರುವ ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನದಲ್ಲಿ ಪುರಾತತ್ವ ಸಮೀಕ್ಷೆ ನಡೀತಿತ್ತು. ಆ ತಂಡದವರ ಕಣ್ಣಿಗೆ ಜೂನಿಪರ್ ಮರಕ್ಕೆ ಒರಗಿ ನಿಂತಿದ್ದ ಬಂದೂಕೊಂದು ಬಿತ್ತು. ಯಾರೋ ಒರಗಿಸಿಟ್ಟು, ಈಗ ಬಂದೆ ಅಂತ ಪಕ್ಕಕ್ಕೆ ಹೋದ ಹಾಗಿತ್ತು. ಆದರೆ ಹೋದವನು ಬಂದಿರಲಿಲ್ಲ. ಕಬ್ಬಿಣ ಕಂದಾಗಿ, ಮರದ ಹಿಡಿ ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗಿ ಸೀಳಿತ್ತು. ಬುಡ ಮಣ್ಣಲ್ಲಿ ಹೂತಿತ್ತು.

ಅದು ವಿಂಚೆಸ್ಟರ್ ಕಂಪನಿಯ 1873ರ ಮಾಡೆಲ್. ಲಿವರ್-ಆಕ್ಷನ್ ರೈಫಲ್. ಹಾಲಿವುಡ್ ಕೌಬಾಯ್ ಸಿನಿಮಾ ನೋಡಿದವರಿಗೆ ಗೊತ್ತಿರುತ್ತೆ: ಟ್ರಿಗರ್ ಸುತ್ತ ಇರುವ ಬಳೆಯಂಥ ಹಿಡಿಯನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಖಾಲಿ ತೋಟಾ ಹೊರಗೆ ಹಾರುತ್ತೆ, ಹೊಸದು ಒಳಗೆ ಬರುತ್ತೆ, ಬಂದೂಕು ಮತ್ತೆ ರೆಡಿ. ತೋಟಾಗಳೆಲ್ಲ ನಳಿಗೆಯ ಕೆಳಗಿನ ಕೊಳವೆಯಲ್ಲಿ ಸಾಲಾಗಿ ಕೂತಿರುತ್ತವೆ. ಮೂಲದಲ್ಲಿ ಇದು 1860ರ ಹೆನ್ರಿ ರೈಫಲ್‌ನ ಯಂತ್ರ. ಆ ಕಂಪನಿಗೆ ದುಡ್ಡು ಹಾಕಿದ್ದ ಆಲಿವರ್ ವಿಂಚೆಸ್ಟರ್ ಅದಕ್ಕೂ ಮುಂಚೆ ಅಂಗಿ ತಯಾರಿಸುತ್ತಿದ್ದವನು!

ಹಳೇ ಲಿವರ್-ಆಕ್ಷನ್‌ಗಳನ್ನು ಸಂಗ್ರಹಿಸುವವರ ಲೋಕ ಬೇರೆಯೇ. 1898ರವರೆಗೆ ತಯಾರಾದ ಬಂದೂಕನ್ನು ಅಮೆರಿಕದ ಕೇಂದ್ರ ಕಾನೂನು ಪುರಾತನ ವಸ್ತು ಅಂತಲೇ ನೋಡುತ್ತೆ. ಈ ಲೋಕದ ಕೊಹಿನೂರು ಅಂದರೆ 'ಒನ್ ಆಫ್ ಒನ್ ಥೌಸಂಡ್'. 1870ರ ದಶಕದ ಮಧ್ಯದಲ್ಲಿ ವಿಂಚೆಸ್ಟರ್ ಒಂದು ಪ್ಲಾನ್ ಮಾಡಿತು. ಪರೀಕ್ಷೆಯಲ್ಲಿ ಅತಿ ನಿಖರವಾಗಿ ಗುಂಡು ಹೊಡೆದ ನಳಿಗೆಗಳನ್ನು ಬೇರೆ ತೆಗೆದು, ಚೆನ್ನಾಗಿ ಅಲಂಕರಿಸಿ, ಮೇಲೆ ಆ ಹೆಸರು ಕೆತ್ತಿ 100 ಡಾಲರಿಗೆ ಮಾರೋದು. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು 'ಒನ್ ಆಫ್ ಒನ್ ಹಂಡ್ರೆಡ್'. ನಮ್ಮ ಕಾಲದ ಪ್ರೀಮಿಯಂ ಪ್ಲಾನ್ ಇದ್ದ ಹಾಗೆ. ಆದರೆ ಇದು ಉತ್ತಮ ಅಂದರೆ ಉಳಿದದ್ದು ಕಳಪೆ ಅಂತ ಗಿರಾಕಿ ಅಂದುಕೊಳ್ಳಲ್ವಾ? ಯೋಜನೆ ಬಹಳ ವರ್ಷ ನಡೆಯಲಿಲ್ಲ. 7 ಲಕ್ಷಕ್ಕೂ ಹೆಚ್ಚು ತಯಾರಾದ ಈ ಮಾಡೆಲ್‌ನಲ್ಲಿ ಆ ಕೆತ್ತನೆ ಇರುವುದು 130 ಚಿಲ್ಲರೆ ಮಾತ್ರ. 1950ರಲ್ಲಿ ಜೇಮ್ಸ್ ಸ್ಟುವರ್ಟ್ ನಟಿಸಿದ 'ವಿಂಚೆಸ್ಟರ್ 73' ಸಿನಿಮಾ ಬಂದಾಗ ಪ್ರಚಾರಕ್ಕಾಗಿ ಸ್ಟುಡಿಯೋದವರು ಉಳಿದವನ್ನು ಹುಡುಕಲು ಶುರು ಮಾಡಿದರು. ಸಂಗ್ರಾಹಕರ ಹುಚ್ಚು ಜೋರಾಗಿದ್ದೇ ಅಲ್ಲಿಂದ.

ಬೆಲೆ ಏರಿದ ಮೇಲೆ ನಕಲಿ ಬರದೇ ಇರುತ್ತಾ? ಮಾಮೂಲಿ ನಳಿಗೆಯ ಮೇಲೆ ಹೆಸರು ಕೆತ್ತಿಬಿಟ್ಟರಾಯ್ತು. ಇದನ್ನು ಹಿಡಿಯೋದು ಬಂದೂಕು ನೋಡಿ ಅಲ್ಲ, ಲೆಕ್ಕದ ಪುಸ್ತಕ ನೋಡಿ. ವಿಂಚೆಸ್ಟರ್ ಕಾರ್ಖಾನೆಯ ಹಳೇ ಲೆಡ್ಜರ್‌ಗಳು ವಯೋಮಿಂಗ್‌ನ ಕೋಡಿ ಊರಿನ ಮ್ಯೂಸಿಯಂನಲ್ಲಿವೆ. ಸೀರಿಯಲ್ ನಂಬರ್ ಕೊಟ್ಟು ಶುಲ್ಕ ಕಟ್ಟಿದರೆ ಯಾವ ಥರದ ನಳಿಗೆ, ಎಂಥ ಟ್ರಿಗರ್, ಯಾವತ್ತು ಗೋದಾಮಿನಿಂದ ಹೊರಬಿತ್ತು ಅಂತ ಪತ್ರ ಬರೆದು ಕೊಡುತ್ತಾರೆ. ಪ್ರೊಡಕ್ಷನ್‌ನಲ್ಲಿ ಏನೋ ಕೆಟ್ಟಾಗ ನಾವು ಲಾಗ್ ತೆಗೆದು ನೋಡೋದೂ ಇದೇ ಕೆಲಸವೇ. ಕೋಡ್ ಸುಳ್ಳು ಹೇಳಬಹುದು, ಯಾರೂ ಮುಟ್ಟದ ಲಾಗ್ ಹೇಳಲ್ಲ.

ಇನ್ನೊಂದು ವಿಚಿತ್ರ. ನಮ್ಮೂರಲ್ಲಿ ಹಬ್ಬ ಬಂತಂದ್ರೆ ಅಟ್ಟದ ಹಿತ್ತಾಳೆ ಪಾತ್ರೆಗಳಿಗೆಲ್ಲ ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಮಾಡೋದು ವಾಡಿಕೆ. 1866ರ ವಿಂಚೆಸ್ಟರ್ ಮಾಡೆಲ್‌ನ ನಡುಭಾಗ ಹಿತ್ತಾಳೆಯಂತೆ ಹಳದಿ. ಅದನ್ನೇನಾದರೂ ಹೀಗೆ ಉಜ್ಜಿದರೆ ಸಂಗ್ರಾಹಕ ಎದೆ ಹಿಡ್ಕೊಂಡು ಕೂತುಬಿಡ್ತಾನೆ! ನೂರೈವತ್ತು ವರ್ಷದಲ್ಲಿ ಕೂತ ಕಲೆಯೇ ಅದರ ಆಸ್ತಿ.

ಆದರೆ ಲೆಡ್ಜರ್ ಹೇಳೋದು ಗೋದಾಮಿನ ಬಾಗಿಲವರೆಗಿನ ಕಥೆ ಮಾತ್ರ. ಆಮೇಲೆ ಅದು ಯಾರ ಕೈ ಸೇರಿತು? 1876ರ ಜೂನ್‌ನಲ್ಲಿ ಲಿಟಲ್ ಬಿಗ್‌ಹಾರ್ನ್‌ನಲ್ಲಿ ಕಸ್ಟರ್‌ನ ಸೈನಿಕರ ಕೈಲಿದ್ದದ್ದು ಒಂದೇ ಗುಂಡು ತುಂಬಿ ಹೊಡೆಯುವ ಸ್ಪ್ರಿಂಗ್‌ಫೀಲ್ಡ್. ಎದುರಿಗಿದ್ದ ಲಕೋಟಾ, ಶಯೆನ್ ಯೋಧರಲ್ಲಿ ಹಲವರ ಬಳಿ ಹೆನ್ರಿ ಮತ್ತು ವಿಂಚೆಸ್ಟರ್ ಇದ್ದವು. ಎಷ್ಟಿದ್ದವು ಅನ್ನೋದು ವಾದದ ವಿಷಯವಾಗೇ ಇತ್ತು. 1983ರಲ್ಲಿ ಬೆಂಕಿ ಬಿದ್ದು ಆ ಬಯಲಿನ ಹುಲ್ಲು ಸುಟ್ಟುಹೋಯಿತು. ಮರುವರ್ಷದಿಂದ ಪುರಾತತ್ವಜ್ಞರು ಲೋಹಶೋಧಕ ಹಿಡಿದು ಖಾಲಿ ತೋಟಾಗಳನ್ನು ಹೆಕ್ಕಿ, ಅವುಗಳ ಹಿಂಬದಿಯ ಪಿನ್ ಗುರುತುಗಳನ್ನು ಹೋಲಿಸಿ ಬೇರೆ ಬೇರೆ ಬಂದೂಕುಗಳನ್ನು ಗುರುತಿಸಿದರು. ಆ ಯೋಧರ ಹೆಸರು ಯಾವ ಕಂಪನಿಯ ಲೆಡ್ಜರಿನಲ್ಲೂ ಇರಲಿಲ್ಲ. ಅವರು ಎಲ್ಲಿ ನಿಂತು ಹೊಡೆದರು ಅನ್ನೋದನ್ನು ನೆಲ ಇಟ್ಟುಕೊಂಡಿತ್ತು.

ಇಲ್ಲಿಗೆ ಮತ್ತೆ ಆ ಜೂನಿಪರ್ ಮರ ನೆನಪಾಗುತ್ತೆ. ಅಲ್ಲಿ ಸಿಕ್ಕ ಬಂದೂಕನ್ನು ಕೋಡಿಗೇ ಕಳಿಸಿ ನಂಬರ್ ಹಾಕಿ ನೋಡಿದರು. 1882ರಲ್ಲಿ ತಯಾರಾಗಿ ಅದೇ ವರ್ಷ ಗೋದಾಮು ಬಿಟ್ಟಿದೆ. ಎಲ್ಲಿಗೆ ಹೋಯಿತು ಅಂತ ಬರೆದಿಲ್ಲ. ಆ ಒಂದು ವರ್ಷದಲ್ಲೇ 25,000ಕ್ಕೂ ಹೆಚ್ಚು ತಯಾರಾಗಿದ್ದವು, 50 ಡಾಲರ್ ಇದ್ದ ಬೆಲೆ 25ಕ್ಕೆ ಇಳಿದಿತ್ತು. ಅಂದರೆ ತೀರಾ ಸಾಮಾನ್ಯ ಮಾಲು. ಸಂಗ್ರಾಹಕರ ಪಟ್ಟಿ ಪ್ರಕಾರ ಇದರಲ್ಲಿ ಅಪರೂಪದ್ದು ಏನೂ ಇಲ್ಲ. ನನಗೆ ಮಾತ್ರ ಆ 130 ಚಿಲ್ಲರೆಗಿಂತ ಇದೇ ಹೆಚ್ಚು ಕಾಡುತ್ತೆ.

ಆಸ್ಪತ್ರೆಗೆ ಒಯ್ದು ಎಕ್ಸ್-ರೇ ತೆಗೆದರು. ಗುಂಡು ತುಂಬಿರಲಿಲ್ಲ. ಆದರೆ ಮರದ ಹಿಡಿಯೊಳಗೆ, ಶುಚಿ ಮಾಡುವ ಕಡ್ಡಿ ಇಡುವ ಗೂಡಿನಲ್ಲಿ, ಒಂದೇ ಒಂದು ತೋಟಾ ಸಿಕ್ಕಿತು. 1887ರಿಂದ 1911ರ ನಡುವೆ ತಯಾರಾದದ್ದು. ಅಂದರೆ ಅವನು ಅಲ್ಲಿಗೆ ಬಂದದ್ದು 1887ಕ್ಕಿಂತ ಮೊದಲಲ್ಲ. ಅವನ ಬಗ್ಗೆ ಖಚಿತವಾಗಿ ಸಿಕ್ಕ ಸುಳಿವು ಇಷ್ಟೇ.

ರಿಪೇರಿ ಮಾಡಲಿಲ್ಲ, ಪಾಲಿಶ್ ಹಾಕಲಿಲ್ಲ. ಒಣಗಿದ ಮರದ ಚೂರುಗಳು ಉದುರದಷ್ಟು ಅಂಟು ಹಾಕಿ, ಆ ಬೂದುಬಣ್ಣ, ಆ ಸೀಳು ಹಾಗೇ ಉಳಿಸಿ, ನೆವಾಡಾಕ್ಕೆ ವಾಪಸ್ ಕಳಿಸಿದರು.