ಮಧುರಸತ್ತ್ವದ ಹಬೆ

1780ರ ಆಸುಪಾಸಿನಲ್ಲಿ ಸ್ವೀಡನ್ ದೇಶದ ಔಷಧಿಕಾರ ಕಾರ್ಲ್ ವಿಲ್ಹೆಲ್ಮ್ ಷೀಲೆಯು ಆಲಿವ್ ಎಣ್ಣೆಯನ್ನು ಸೀಸದ ಭಸ್ಮದೊಡನೆ ಕಾಯಿಸಿ, ಅದರಿಂದ ಬೇರ್ಪಟ್ಟ ಮಂದವೂ ವರ್ಣರಹಿತವೂ ಆದ ದ್ರವದಲ್ಲಿ ಸಿಹಿಯನ್ನು ಕಂಡು, ಅದನ್ನು ಎಣ್ಣೆಗಳ ಮಧುರಸತ್ತ್ವವೆಂದು ಬಗೆದನು. ಇಂದು ವಿದ್ಯುತ್ ಸಿಗರೇಟೆಂಬ ವೇಪಿಂಗ್ ಯಂತ್ರದಿಂದ ಬಿಳಿಯ ಮೋಡವನ್ನೆಬ್ಬಿಸುವ ಗ್ಲಿಸರಿನ್ನಿನ ಜನ್ಮವೃತ್ತಾಂತವಿದು. ಅದಕ್ಕಿಂತ ತೆಳುವಾಗಿದ್ದು ಪರಿಮಳವನ್ನು ಹೊತ್ತೊಯ್ಯುವ ಪ್ರೊಪಿಲೀನ್ ಗ್ಲೈಕಾಲ್ ಅದರ ಸಂಗಾತಿ. ಇವೆರಡರೊಡನೆ ಬೆರೆಯುವ ನಿಕೋಟಿನ್ನನ್ನಾದರೋ 1828ರಲ್ಲಿ ಹೈಡೆಲ್‌ಬರ್ಗಿನಲ್ಲಿ ಪೊಸೆಲ್ಟ್ ಮತ್ತು ರೈಮನ್ ಎಂಬವರು ಹೊಗೆಸೊಪ್ಪಿನಿಂದ ಪ್ರತ್ಯೇಕಿಸಿದರು.

ಹೀಗೆ ಬೇರೆ ಬೇರೆ ಕಾಲಗಳಲ್ಲಿ ಬೇರೆ ಬೇರೆ ಉದ್ದೇಶಗಳಿಂದ ಲೋಕಕ್ಕೆ ಬಂದ ಈ ದ್ರವ್ಯಗಳು, ಚೀನದ ಔಷಧತಜ್ಞ ಹೋನ್ ಲಿಕ್ 2003ರ ಸುಮಾರಿಗೆ ರೂಪಿಸಿದ ವಿದ್ಯುತ್ ಸಿಗರೇಟಿನ ತರುವಾಯ ಒಂದೇ ಸೀಸೆಯಲ್ಲಿ ಕೂಡಿಕೊಂಡವು. ಇವುಗಳಲ್ಲಿ ಮೊದಲೆರಡು ಆಹಾರದಲ್ಲಿಯೂ ಔಷಧದಲ್ಲಿಯೂ ಬಳಕೆಯಲ್ಲಿದ್ದವೆಂಬುದು ನಿಜ. ಆದರೆ ಜಠರಕ್ಕೆ ಒಗ್ಗಿದ್ದೆಲ್ಲವೂ ಶ್ವಾಸಕೋಶಕ್ಕೆ ಒಗ್ಗೀತೆಂದು ನಂಬುವುದು ದೊಡ್ಡ ಪ್ರಮಾದವೆಂದೇ ನನ್ನ ಭಾವನೆ. ಒಗ್ಗರಣೆಯ ಎಣ್ಣೆ ಅತಿಯಾಗಿ ಕಾದು ಹೊಗೆಯಾಡಿದಾಗ ಕಣ್ಣಲ್ಲಿ ನೀರು ತರಿಸುವ, ಗಂಟಲನ್ನು ಹಿಡಿಯುವ ಆ ಘಾಟನ್ನು ನಮ್ಮ ಹೆಂಗಸರೆಲ್ಲರೂ ಬಲ್ಲರು. ಅದಕ್ಕೆ ಕಾರಣವಾದ ಅಕ್ರೋಲೀನ್, ಗ್ಲಿಸರಿನ್ ಮಿತಿಮೀರಿ ಕಾದಾಗಲೂ ಹುಟ್ಟುತ್ತದೆ. ಬೆಣ್ಣೆಯ ಪರಿಮಳವೀಯುವ ಡಯಾಸಿಟೈಲಿನ ಕಥೆ ಇನ್ನೂ ಕರುಣಾಜನಕ: ತಿನ್ನುವವರಿಗೆ ನಿರಪಾಯವೆನಿಸಿದ್ದ ಅದರ ಆವಿಯನ್ನು ದಿನವೂ ಉಸಿರಾಡಿದ ಅಮೆರಿಕದ ಮಿಸೌರಿ ಪ್ರಾಂತದ ಪಾಪ್‌ಕಾರ್ನ್ ಕಾರ್ಖಾನೆಯ ಕೆಲಸಗಾರರ ಶ್ವಾಸನಾಳಗಳು ಗುಣವಾಗದಂತೆ ಕಟ್ಟಿಕೊಂಡ ಸಂಗತಿ 2000ದಲ್ಲಿ ಬೆಳಕಿಗೆ ಬಂದಿತು. ಅದೇ ಡಯಾಸಿಟೈಲ್ ಮುಂದೆ ಹಲವು ವೇಪಿಂಗ್ ದ್ರವಗಳಲ್ಲಿಯೂ ಪತ್ತೆಯಾಯಿತು.

ಭಾರತ ಸರ್ಕಾರವು 2019ರಲ್ಲಿ ವಿದ್ಯುತ್ ಸಿಗರೇಟುಗಳ ತಯಾರಿಕೆಯನ್ನೂ ಮಾರಾಟವನ್ನೂ ನಿಷೇಧಿಸಿತು.