ಗ್ರಿಡ್ ಸಂಪರ್ಕಿತ ಸೌರ ಇನ್ವರ್ಟರ್‌ಗಳ ಪರೀಕ್ಷೆ

ಗ್ರಿಡ್ ಸಂಪರ್ಕಿತ ಸೌರ ಇನ್ವರ್ಟರ್ ಎಂಬುದು ಸೌರ ಫಲಕಗಳ ನೇರ ವಿದ್ಯುತ್ತನ್ನು (ಡಿ.ಸಿ.) ಪರ್ಯಾಯ ವಿದ್ಯುತ್ತಾಗಿ (ಎ.ಸಿ.) ಪರಿವರ್ತಿಸಿ ವಿತರಣಾ ಜಾಲಕ್ಕೆ ನೀಡುವ ಸಾಧನ. ಜಾಲದ ವೋಲ್ಟೇಜ್ ದೊರೆಯದಿದ್ದರೆ ಇದು ವಿದ್ಯುತ್ ನೀಡುವುದಿಲ್ಲ. ಆದ್ದರಿಂದ ವಿತರಣಾ ಮಾರ್ಗದ ಸಂಪರ್ಕವಿಲ್ಲದೆ ಇದನ್ನು ಪರೀಕ್ಷಿಸಲು ಕೃತಕ ಜಾಲವೊಂದನ್ನು ರೂಪಿಸಬೇಕಾಗುತ್ತದೆ.

ಐಲ್ಯಾಂಡಿಂಗ್

ಭಾರತದಲ್ಲಿ ಮನೆಬಳಕೆಯ ಏಕಮುಖ (ಸಿಂಗಲ್ ಫೇಸ್) ಪೂರೈಕೆ 230 ವೋಲ್ಟ್, 50 ಹರ್ಟ್ಸ್ ಆಗಿದ್ದು, ಇನ್ವರ್ಟರ್ ಇದನ್ನೇ ಅನುಸರಿಸುತ್ತದೆ. ಮಾರ್ಗ ಕಡಿತವಾದಾಗ ಸ್ಥಳೀಯ ಬಳಕೆಯು ಸೌರ ಉತ್ಪಾದನೆಗೆ ಸರಿಸಮವಾಗಿದ್ದರೆ, ಇನ್ವರ್ಟರ್ ಕಡಿತವನ್ನು ಗುರುತಿಸದೆ ಚಾಲನೆಯಲ್ಲೇ ಉಳಿಯಬಹುದು. ಈ ಸ್ಥಿತಿಗೆ ಐಲ್ಯಾಂಡಿಂಗ್ ಎನ್ನುತ್ತಾರೆ. ಆಗ ವಿದ್ಯುತ್ ವಿತರಣಾ ಪರಿವರ್ತಕದ ಮೂಲಕ ಹಿಮ್ಮುಖವಾಗಿ ಹರಿದು 11 ಕಿಲೋವೋಲ್ಟ್ ಮಾರ್ಗವನ್ನೂ ಜೀವಂತಗೊಳಿಸಬಲ್ಲದು. ಮಾರ್ಗ ಬಂದ್ ಆಗಿದೆಯೆಂದು ನಂಬಿ ಕಂಬವೇರಿದ ಲೈನ್‌ಮನ್‌ನ ಪ್ರಾಣಕ್ಕೆ ಅಪಾಯವಾಗುತ್ತದೆ. ಹೀಗಾಗಿ ಕರೆಂಟ್ ಹೋದೊಡನೆ ಇನ್ವರ್ಟರ್ ನಿಲ್ಲುವುದು ದೋಷವಲ್ಲ, ರಕ್ಷಣಾ ವ್ಯವಸ್ಥೆ.

ಪರೀಕ್ಷಾ ವಿಧಾನ

ಪ್ರಯೋಗಾಲಯದಲ್ಲಿ ಮುಖ್ಯವಾಗಿ ಮೂರು ಉಪಕರಣಗಳನ್ನು ಬಳಸಲಾಗುತ್ತದೆ.

* ಸೌರ ಫಲಕದ ಗುಣಲಕ್ಷಣಗಳನ್ನು ಅನುಕರಿಸುವ ಡಿ.ಸಿ. ಮೂಲ.
* ವೋಲ್ಟೇಜ್ ಮತ್ತು ಆವರ್ತನವನ್ನು ಬದಲಿಸಬಲ್ಲ ಎ.ಸಿ. ಮೂಲ, ಅಂದರೆ ಗ್ರಿಡ್ ಸಿಮ್ಯುಲೇಟರ್.
* ರೋಧಕ, ಪ್ರೇರಕ ಮತ್ತು ಧಾರಕಗಳನ್ನೊಳಗೊಂಡ ಹೊಂದಾಣಿಕೆಯ ಹೊರೆ.

ಹೊರೆಯನ್ನು 50 ಹರ್ಟ್ಸ್‌ನಲ್ಲಿ ಅನುರಣನಕ್ಕೆ ತಂದು, ಇನ್ವರ್ಟರ್‌ನ ಉತ್ಪಾದನೆಗೆ ಸಮಗೊಳಿಸಲಾಗುತ್ತದೆ. ಬಳಿಕ ಕೃತಕ ಜಾಲದ ಸ್ವಿಚ್ಚನ್ನು ತೆರೆದು, ಇನ್ವರ್ಟರ್ ನಿಲ್ಲಲು ತೆಗೆದುಕೊಂಡ ಸಮಯವನ್ನು ಅಳೆಯಲಾಗುತ್ತದೆ. ಕಡಿತವನ್ನು ಗುರುತಿಸುವುದು ಅತ್ಯಂತ ಕಠಿಣವಾಗುವ ಸ್ಥಿತಿ ಇದೇ ಆಗಿದೆ. ಐಇಸಿ 62116 ಮಾನದಂಡದ ಪ್ರಕಾರ ಇನ್ವರ್ಟರ್ 2 ಸೆಕೆಂಡುಗಳೊಳಗೆ ನಿಲ್ಲಬೇಕು.

ಸಾಮಾನ್ಯ ಎ.ಸಿ. ಮೂಲಗಳು ಹಿಮ್ಮುಖ ವಿದ್ಯುತ್ತನ್ನು ಹೀರಲಾರವು. ಅಂಥಲ್ಲಿ ಇನ್ವರ್ಟರ್‌ನ ಗರಿಷ್ಠ ಉತ್ಪಾದನೆಗಿಂತ ಹೆಚ್ಚಿನ ಹೊರೆಯನ್ನು ಸಮಾಂತರವಾಗಿ ಜೋಡಿಸಬೇಕು. ಉದಾಹರಣೆಗೆ, 3 ಕಿಲೋವಾಟ್ ಇನ್ವರ್ಟರ್‌ಗೆ 4 ಕಿಲೋವಾಟ್ ಹೊರೆಯಿದ್ದರೆ, ಮೂಲವು ಸದಾ ಕನಿಷ್ಠ 1 ಕಿಲೋವಾಟ್ ಪೂರೈಸುತ್ತಿರುತ್ತದೆ. ಈ ಹೊರೆ ಕಡಿತಗೊಂಡರೆ ವಿದ್ಯುತ್ ಮೂಲದತ್ತ ಹರಿದು ವೋಲ್ಟೇಜ್ ಏರುತ್ತದೆ. ಇದೇ ಕಾರಣಕ್ಕೆ ಇನ್ವರ್ಟರನ್ನು ಡೀಸೆಲ್ ಜನರೇಟರಿಗೆ ನೇರವಾಗಿ ಜೋಡಿಸುವುದು ಅಪಾಯಕಾರಿ.

ಸುರಕ್ಷತಾ ಕ್ರಮಗಳು

ಪರೀಕ್ಷಾ ಮಂಡಲಕ್ಕೂ ಕಟ್ಟಡದ ವಿದ್ಯುತ್ ಜೋಡಣೆಗೂ ಸಂಪರ್ಕವಿರಕೂಡದು. ಮುಖ್ಯ ಐಸೋಲೇಟರನ್ನು ತೆರೆದು, ಬೀಗ ಹಾಕಿ, ಎಚ್ಚರಿಕೆ ಫಲಕ ತೂಗುಹಾಕಬೇಕು. ಬಿಸಿಲಿರುವಷ್ಟು ಕಾಲ ಫಲಕಗಳಲ್ಲಿ ಡಿ.ಸಿ. ವೋಲ್ಟೇಜ್ ಇದ್ದೇ ಇರುತ್ತದೆ. ಹೊರೆಯಿರುವಾಗ ಡಿ.ಸಿ. ಕನೆಕ್ಟರ್ ಕಿತ್ತರೆ ಉಂಟಾಗುವ ಕಿಡಿ ಸುಲಭವಾಗಿ ಆರದು. ಇನ್ವರ್ಟರ್ ನಿಂತ ಮೇಲೂ ಧಾರಕಗಳಲ್ಲಿ ವಿದ್ಯುದಂಶ ಉಳಿಯುವುದರಿಂದ, ತಯಾರಕರು ಸೂಚಿಸಿದಷ್ಟು ಸಮಯ ಕಾದು, ಮೀಟರಿನಿಂದ ಅಳೆದು ಖಚಿತಪಡಿಸಿಕೊಂಡ ನಂತರವೇ ಮುಚ್ಚಳ ತೆರೆಯಬೇಕು.

ಭಾರತ ಮತ್ತು ಕರ್ನಾಟಕದಲ್ಲಿ

ಐಇಸಿ 62116ಕ್ಕೆ ಸಂವಾದಿಯಾದ ಭಾರತೀಯ ಮಾನದಂಡ ಐಎಸ್ 16169. 2017ರ ಕಡ್ಡಾಯ ನೋಂದಣಿ ಆದೇಶದಲ್ಲಿ ಇದನ್ನು ಸೇರಿಸಲಾಗಿತ್ತು. ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ 2013ರ ನಿಯಮಗಳಂತೆ, ಜಾಲದ ವೋಲ್ಟೇಜ್ ಮತ್ತು ಆವರ್ತನ ಕನಿಷ್ಠ 60 ಸೆಕೆಂಡು ಸ್ಥಿರವಾಗಿದ್ದ ನಂತರವೇ ಮರುಸಂಪರ್ಕ ಆಗಬೇಕು. 1960ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯು ವಿದ್ಯುತ್ ಉಪಕರಣಗಳ ಪರೀಕ್ಷೆ ಮತ್ತು ಪ್ರಮಾಣೀಕರಣ ನಡೆಸುತ್ತದೆ.

ರಾಜ್ಯ ಸರ್ಕಾರ 2014ರಲ್ಲಿ ಪ್ರಕಟಿಸಿದ ಸೂರ್ಯ ರೈತ ಯೋಜನೆಯಡಿ ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಗ್ರಿಡ್ ಸಂಪರ್ಕಿತ ಸೌರ ಪಂಪ್‌ಸೆಟ್‌ಗಳನ್ನು ಅಳವಡಿಸಲಾಯಿತು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಂತಹ, ಗೆಸ್ಕಾಂ ವಿದ್ಯುತ್ ವಿತರಿಸುವ ಗ್ರಾಮೀಣ ಪ್ರದೇಶಗಳಲ್ಲಿಯೂ ಚಾವಣಿ ಅಥವಾ ಹೊಲದ ಇನ್ವರ್ಟರ್‌ಗಳಿಗೆ ಇದೇ ತತ್ತ್ವ ಅನ್ವಯಿಸುತ್ತದೆ.