ಮನೆಯಂಗಳದ ಮರಗಳ ಆರೈಕೆ, ಕೊಲರಾಡೊ
ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್ ಸುತ್ತಮುತ್ತ ಮನೆಯಂಗಳದ ಮರಗಳ ಆರೈಕೆಯನ್ನು ಪರಿಣತ ವೃಕ್ಷತಜ್ಞರಿಗೆ ವಹಿಸುವುದು ರೂಢಿ. ವರ್ಷಕ್ಕೆ ಸುಮಾರು 35–40 ಸೆಂ.ಮೀ. ಮಳೆಯಾಗುವ ಈ ಒಣ ಬಯಲಿನಲ್ಲಿ ಹಿಮ ಬೀಳದ ಚಳಿಗಾಲದಲ್ಲೂ ಆಗಾಗ ನೀರುಣಿಸಬೇಕು. ಹೊಸಬರು ಮರೆಯುವುದು ಇದನ್ನೇ. ಬಾಯಾರಿದ ಮರಕ್ಕೆ ಕೊರಕ ಹುಳುಗಳು ಬೇಗ ಮುತ್ತುತ್ತವೆ. ಆದರೆ 2013ರಲ್ಲಿ ಬೌಲ್ಡರ್ ನಗರದಲ್ಲಿ ಪತ್ತೆಯಾದ, ಏಷ್ಯಾ ಮೂಲದ ಹಸಿರು ಆ್ಯಶ್ ಕೊರಕ (ಅಗ್ರಿಲಸ್ ಪ್ಲಾನಿಪೆನ್ನಿಸ್) ಗಟ್ಟಿಮುಟ್ಟಾದ ಆ್ಯಶ್ ಮರವನ್ನೂ ಬಿಡದು. ಇದರ ಮರಿಹುಳು ತೊಗಟೆಯಡಿ ಸುರಂಗ ಕೊರೆದು ಮರದ ಆಹಾರ ಸಾಗಣೆಯನ್ನೇ ಕಡಿಯುತ್ತದೆ. ತೊಗಟೆಯ ಮೇಲೆ ಇಂಗ್ಲಿಷಿನ ‘ಡಿ’ ಆಕಾರದ ತೂತು ಕಣ್ಣಿಗೆ ಬೀಳುವ ಹೊತ್ತಿಗೆ ಸಾಮಾನ್ಯವಾಗಿ ಕೊರಕ ಹೊಕ್ಕು ವರ್ಷಗಳೇ ಕಳೆದಿರುತ್ತವೆ. ಕಾಂಡಕ್ಕೆ ಎಮಾಮೆಕ್ಟಿನ್ ಬೆಂಜೊಯೇಟ್ ಎಂಬ ಕೀಟನಾಶಕ ಚುಚ್ಚಿದರೆ ಎರಡು ವರ್ಷದ ಮಟ್ಟಿಗೆ ರಕ್ಷಣೆ ಸಿಗುತ್ತದೆ. ನೆತ್ತಿಯ ಅರ್ಧದಷ್ಟು ಒಣಗಿದ ಮರಕ್ಕೆ ಈ ಖರ್ಚು ದಂಡ. ಕಡಿಸಿ ಬೇರೆ ಜಾತಿಯ ಸಸಿ ನೆಡುವುದೇ ಲೇಸು.